ಹನ್ನೊಂದನೇ ಗೂಟದಾಚೆ ನೆಲವಿಲ್ಲ

ಗಡಿ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನಗೆ ಭಯವಾಗಿದೆ. ಅರ್ಜಿಯನ್ನು ಹೀಗೆ ಶುರು ಮಾಡಬಾರದೆಂದು ನನಗೂ ಗೊತ್ತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಕ್ರಮವಾಗಿ ಶುರು ಮಾಡಿದ ನನ್ನ ಮೂರು ಅರ್ಜಿಗಳು ತಮ್ಮ ಕಚೇರಿಯಲ್ಲೇ ಇವೆ. ಒಂದಕ್ಕೂ ಉತ್ತರ ಬಂದಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಪೀಠಿಕೆಯನ್ನು ಬಿಟ್ಟಿದ್ದೇನೆ. ತಾವು ಬೆಟ್ಟದ ನೆತ್ತಿಯ ಮೇಲೆ ನೆಡಿಸಿರುವ ಎಪ್ಪತ್ತನಾಲ್ಕು ಗೂಟಗಳು ಮನುಷ್ಯರನ್ನು ಕೊಲ್ಲುತ್ತವೆ. ಮೊದಲು ಸಾಯುವವಳು ನನ್ನ ಮಗಳೇ ಆಗಬಹುದು. ಅವಳು ಹೊರಡಲು ಇನ್ನು ಆರು ದಿನವಿದೆ. ಆ ಗೂಟಗಳನ್ನು ನೆಟ್ಟವಳು ನಾನೇ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಬೆಟ್ಟದ ದಾರಿಯನ್ನು ನೋಡಿಕೊಳ್ಳುವ ರಸ್ತೆ ಗ್ಯಾಂಗಿನಲ್ಲಿ ನನ್ನದು ಇಪ್ಪತ್ತೊಂಬತ್ತು ವರ್ಷದ ಚಾಕರಿ. ಹತ್ತನೇ ತರಗತಿ ಪಾಸಾಗಿದ್ದೇನೆ, ಗ್ಯಾಂಗಿನ ಹಾಜರಿ ಪುಸ್ತಕವನ್ನೂ ನಾನೇ ಬರೆಯುತ್ತಿದ್ದೆ. ಹಾಗಾಗಿ ತಮ್ಮ ಸುತ್ತೋಲೆಗಳ ಭಾಷೆ ನನಗೆ ತೀರಾ ಹೊಸದಲ್ಲ. ಊರಿನವರು ನನ್ನನ್ನು ಗೂಟದಕ್ಕ ಎಂದು ಕರೆಯುತ್ತಾರೆ. ತಮ್ಮದು ಗೂಟದ ಕಾರು, ನನ್ನದು ಬರೀ ಗೂಟ. ಆ ಲೆಕ್ಕದಲ್ಲಿ ನಾವಿಬ್ಬರೂ ದೂರದ ನೆಂಟರೇ.

ಬೆಟ್ಟವನ್ನು ತಾವು ನಕ್ಷೆಯಲ್ಲಿ ನೋಡಿದ್ದೀರಿ. ಅದರ ಮೇಲೆ ನಡೆಯುವವರ ಕಣ್ಣಿಗೆ ಅದು ಹೇಗೆ ಕಾಣುತ್ತದೆಂದು ಒಂದಿಷ್ಟು ಹೇಳಬೇಕು. ಎರಡು ಶಿಖರಗಳ ನಡುವೆ ಒಂದು ತಗ್ಗು ಇದೆ. ನಾವು ಅದಕ್ಕೆ ಬಾಗಿಲು ಎನ್ನುತ್ತೇವೆ. ಆಚೆ ದೇಶದಿಂದ ಹತ್ತಿ ಬಂದವರು ಆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಎಡಕ್ಕೆ ತಿರುಗಿ, ಕರಿಬಂಡೆಯನ್ನು ಬಲಗೈಗೆ ಇಟ್ಟುಕೊಂಡು ಇಳಿದರೆ ನಮ್ಮ ತಂಗುಮನೆ ಸಿಗುತ್ತದೆ. ತಂಗುಮನೆ ಎಂದರೆ ಒಂದೇ ಕೋಣೆ, ಒಂದು ಒಲೆ, ಆರು ಹಲಗೆ ಮಂಚ. ಅಲ್ಲಿಗೆ ಮುಟ್ಟಿದವನು ಬದುಕಿದ ಎಂದೇ ಲೆಕ್ಕ. ಬೇಸಿಗೆಯಲ್ಲಿ ಇದು ಮಕ್ಕಳೂ ನಡೆಯುವ ದಾರಿ. ಹಿಮ ಬಿದ್ದಾಗ ದಾರಿಯೂ ಇಲ್ಲ, ಬಂಡೆಯೂ ಇಲ್ಲ, ಎಡವೂ ಇಲ್ಲ, ಬಲವೂ ಇಲ್ಲ. ಮಂಜು ಮುಸುಕಿದರೆ ನಮ್ಮ ಕೈಯೇ ನಮಗೆ ಕಾಣುವುದಿಲ್ಲ.

ಅದಕ್ಕೇ ಗೂಟ. ಆಳಿಗಿಂತ ಎರಡು ಮೊಳ ಎತ್ತರದ ಮರದ ಕಂಬವಾದರೂ ನಮ್ಮ ಬಾಯಲ್ಲಿ ಅದು ಗೂಟವೇ. ಹಿಮಕಾಲ ಶುರುವಾಗುವ ಮುನ್ನ ಬಾಗಿಲಿನಿಂದ ತಂಗುಮನೆಯವರೆಗೆ ನಲವತ್ತು ಹೆಜ್ಜೆಗೊಂದರಂತೆ ಎಪ್ಪತ್ತನಾಲ್ಕು ಗೂಟ ನೆಡುವುದು, ತುದಿಗೆ ಕೆಂಪು ಬಟ್ಟೆ, ಎದೆಮಟ್ಟಕ್ಕೆ ಇನ್ನೊಂದು ಬಟ್ಟೆ ಕಟ್ಟುವುದು ನನ್ನ ಕೆಲಸ. ತುದಿಯ ಬಟ್ಟೆ ಕಣ್ಣಿಗೆ. ಎದೆಮಟ್ಟದ ಬಟ್ಟೆ ಕೈಗೆ. ಕಣ್ಣು ಕಾಣದಾದಾಗ ನಡೆಯುವವನು ಗೂಟವನ್ನು ತಡವುತ್ತಾನೆ, ಗಂಟು ಯಾವ ಕಡೆಗಿದೆ ಎಂದು ಮುಟ್ಟಿ ನೋಡುತ್ತಾನೆ, ಆ ಕಡೆಗೆ ಮುಖ ಮಾಡಿ ನಲವತ್ತು ಹೆಜ್ಜೆ ಎಣಿಸುತ್ತಾನೆ. ಗಂಟು ಯಾವಾಗಲೂ ಮುಂದಿನ ಗೂಟದ ಕಡೆಗೆ, ಮನೆಯ ಕಡೆಗೆ. ಈ ಪದ್ಧತಿ ಯಾವ ಇಲಾಖೆಯ ಕೈಪಿಡಿಯಲ್ಲೂ ಇಲ್ಲ. ನನಗೆ ನನ್ನ ಮಾವನವರು ಕಲಿಸಿದ್ದು. ಜೋಡಿ ಸುತ್ತು ಹಾಕಿ, ಬಾಲ ಒಳಕ್ಕೆ ಸಿಕ್ಕಿಸಿ ಬಿಗಿಯುವ ಆ ಗಂಟು ಕೈಗವಸು ಹಾಕಿದ ಬೆರಳಿಗೂ ಗೊತ್ತಾಗುತ್ತದೆ. ಈ ಬೆಟ್ಟದಲ್ಲಿ ಓಡಾಡುವವರಿಗೆಲ್ಲ ಅದು ಗೂಟದಕ್ಕನ ಗಂಟು ಎಂದು ಗೊತ್ತು.

ಮಗಳಿಗೆ ಏಳು ವರ್ಷವಿದ್ದಾಗ ಅವಳ ಕಣ್ಣಿಗೆ ಶಾಲು ಕಟ್ಟಿ ಬಾಗಿಲಿನಿಂದ ತಂಗುಮನೆಯವರೆಗೆ ನಡೆಸಿದೆ. ನಾನು ಹಿಂದೆಯೇ ಇದ್ದೆ, ಆದರೆ ಅವಳಿಗೆ ಹೇಳಲಿಲ್ಲ. ಮೂವತ್ತನೇ ಗೂಟದ ಹತ್ತಿರ ಅತ್ತಳು. "ಅಮ್ಮ, ಇಲ್ಲಿ ನೆಲ ಬೇರೆ ಥರ ಇದೆ, ನಾನು ಈ ಕಡೆ ಬರ್ತೀನಿ" ಎಂದು ಗಾಳಿಗೆ ಕೂಗಿದಳು. ನಾನು ಹಿಂದಿನಿಂದ ಗದರಿಸಿದೆ. "ಪ್ರಾಣ ಹೋದ್ರೂ ಗೂಟ ಬಿಟ್ಟು ಹೆಜ್ಜೆ ಇಡಬೇಡ. ಕಣ್ಣು ಸುಳ್ಳು ಹೇಳುತ್ತೆ, ಕಾಲು ಸುಳ್ಳು ಹೇಳುತ್ತೆ. ಗಂಟು ಹೇಳಲ್ಲ." ಅವಳು ಆ ಪಾಠವನ್ನು ಮರೆತಿಲ್ಲ. ಅವಳು ಮರೆತಿರಲಿ ಎಂದು ಈಗ ನಾನು ಕಂಡಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದೇನೆ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಈ ವರ್ಷದ ಬೇಸಿಗೆಯ ಕೊನೆಗೆ ತಮ್ಮ ಕಚೇರಿಯ ಒಬ್ಬ ಅಧಿಕಾರಿ ಮತ್ತು ಸರ್ವೆಯವರು ಮೂರು ಕಾಲಿನ ಯಂತ್ರ ಹೊತ್ತುಕೊಂಡು ತಂಗುಮನೆಗೆ ಬಂದರು. ನಮ್ಮ ಗೂಟಗಳು 'ಅಕ್ರಮವಾಗಿ ಗಡಿ ದಾಟುವವರಿಗೆ ಅನುಕೂಲ ಮಾಡಿಕೊಡುತ್ತಿವೆ' ಎಂದರು. ನಿಜವೇ, ಗೂಟಕ್ಕೆ ಪಾಸು ಕೇಳಲು ಬರುವುದಿಲ್ಲ, ಸಾಯಬಾರದವರು ಯಾರು ಎಂದು ಅದು ವಿಚಾರಿಸುವುದಿಲ್ಲ. ಹಾಗಾಗಿ ಅವುಗಳನ್ನು ದಾರಿಯಿಂದ ಕೀಳಬೇಕಂತೆ. ಕಿತ್ತದ್ದನ್ನು ಏನು ಮಾಡುವುದು? ಅಲ್ಲಿಯೇ ತಮ್ಮ ಇಲಾಖೆಯ ಜಾಣತನ ಇರುವುದು. ಸರ್ಕಾರಿ ಸಾಮಾನು ವ್ಯರ್ಥವಾಗಬಾರದಲ್ಲ! ಅದೇ ಎಪ್ಪತ್ತನಾಲ್ಕು ಗೂಟಗಳನ್ನು ಬಾಗಿಲಿನಿಂದ ಬಲಕ್ಕೆ, ಬೆಟ್ಟದ ನೆತ್ತಿಯುದ್ದಕ್ಕೂ, ಗಡಿರೇಖೆಯ ಗುರುತಾಗಿ ನೆಡಬೇಕು ಎಂದು ಬಾಯಿಮಾತಿನ ಆದೇಶವಾಯಿತು.

ನಾನು ಕೇಳಿದೆ, ಕೇಳಲಿಲ್ಲವೆಂದಲ್ಲ. "ಸಾರ್, ಇಲ್ಲಿ ಓಡಾಡೋರಿಗೆ ಗೂಟ ಅಂದ್ರೆ ದಾರಿ. ನೆತ್ತಿ ಮೇಲೆ ನೆಟ್ರೆ ಅದನ್ನೇ ಹಿಡ್ಕೊಂಡು ಹೋಗ್ತಾರೆ."

"ಗಡಿ ಮೇಲೆ ಯಾರಮ್ಮ ನಡೀತಾರೆ? ಅದು ದಾಟಬೇಡಿ ಅನ್ನೋದಕ್ಕೆ ಹಾಕಿರೋದು. ಬೋರ್ಡೂ ಹಾಕಿಸ್ತೀವಿ."

"ಬೋರ್ಡು ಎಷ್ಟೆತ್ತರ ಸಾರ್?"

"ಎರಡಡಿ."

"ಹಿಮ ಮೂರಡಿ ಬೀಳುತ್ತೆ."

ಅವರು ಯಂತ್ರದ ಕಡೆ ತಿರುಗಿದರು. ಬಟ್ಟೆಯ ಬಣ್ಣವನ್ನಾದರೂ ಬದಲಾಯಿಸಿ, ಹಳದಿಯೋ ಕಪ್ಪೋ ಕಟ್ಟೋಣ ಎಂದೆ. ಮಂಜೂರಾಗಿರುವುದು ಕೆಂಪು ಎಂದರು. ಮಂಜೂರಾದದ್ದು ನಮ್ಮ ಗ್ಯಾಂಗಿನ ಕೊಠಡಿಯಲ್ಲಿ ಉಳಿದಿದ್ದ ಅದೇ ಕೆಂಪು ಬಟ್ಟೆಯ ಥಾನು.

ಆ ನೆತ್ತಿಯ ಬಗ್ಗೆ ಒಂದು ಮಾತು ತಮ್ಮ ನಕ್ಷೆಯಲ್ಲಿ ಇರಲಾರದು. ಬಾಗಿಲಿನಿಂದ ಎಣಿಸಿದರೆ ಹನ್ನೊಂದನೇ ಗೂಟವಾದ ಮೇಲೆ ಬೆಟ್ಟದ ಅಂಚು ಒಳಕ್ಕೆ ಕಚ್ಚಿಕೊಂಡಿದೆ. ರೊಟ್ಟಿಯ ಅಂಚನ್ನು ಮಗು ಕಚ್ಚಿದರೆ ಹೇಗಿರುತ್ತದೋ ಹಾಗೆ. ತಮ್ಮ ರೇಖೆ ಸ್ಕೇಲು ಇಟ್ಟು ಎಳೆದದ್ದು, ಕಚ್ಚಿದ ಜಾಗದ ಮೇಲೆ ನೇರವಾಗಿ ಹಾರಿ ಹೋಗುತ್ತದೆ. ರೇಖೆಗೇನು, ಅದಕ್ಕೆ ಕಾಲಿಲ್ಲ. ಹನ್ನೆರಡನೇ ಗೂಟ ನೆಡಲು ನಾವು ಸುತ್ತು ಹಾಕಿ ಆ ತುದಿಗೆ ಹೋಗಬೇಕಾಯಿತು. ಬೇಸಿಗೆಯಲ್ಲಿ ಆ ಜಾಗ ಕಣ್ಣಿಗೆ ಕಾಣುತ್ತದೆ, ಇಣುಕಿದರೆ ತಲೆ ತಿರುಗುತ್ತದೆ. ಹಿಮಕಾಲದಲ್ಲಿ ಗಾಳಿ ಅಲ್ಲಿ ಹಿಮವನ್ನು ತಂದು ತಂದು ಜಗಲಿ ಕಟ್ಟುತ್ತದೆ. ಮೇಲೆ ನೋಡಿದರೆ ಸಮತಟ್ಟಾದ ಬಿಳಿ ನೆಲ. ಕೆಳಗೆ ಆಧಾರಕ್ಕೆ ಏನೂ ಇಲ್ಲ.

ಇದೆಲ್ಲ ಗೊತ್ತಿದ್ದೂ ಯಾಕೆ ನೆಟ್ಟೆ ಎಂದು ಓದುವವರು ಕೇಳಬಹುದು. ಕೆಲಸ ಹೋಗುತ್ತದೆಂಬ ಭಯ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಕಾಲದಲ್ಲಿ ಎತ್ತನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು. ಹಿಮ ಬೀಳುವ ಮುಂಚೆ ಯಾರಾದರೂ ತಿಳಿದವರು ಇದನ್ನು ತಡೆಯುತ್ತಾರೆ ಎಂದು ನಂಬಿದ್ದೆ. ಈ ಬೆಟ್ಟದಲ್ಲಿ ನನಗಿಂತ ತಿಳಿದವರು ಯಾರಿದ್ದಾರೆಂದು ಯೋಚಿಸಲಿಲ್ಲ.

ಇನ್ನು ನನ್ನ ಮಗಳ ವಿಷಯ. ಅವಳು ಆಚೆ ದೇಶದ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇದ್ದಾಳೆ. ನಮ್ಮ ಕಡೆಯ ಹೆಣ್ಣುಮಕ್ಕಳು ನಾಲ್ಕು ತಲೆಮಾರಿನಿಂದ ಬೇಸಿಗೆಯಲ್ಲಿ ಆಚೆ ಹೋಗಿ ದುಡಿದು ಹಿಮದ ಹೊತ್ತಿಗೆ ಮರಳುತ್ತಿದ್ದರು. ಈಗ ಅದಕ್ಕೆ ತಾವು ಪಾಸು ಮಾಡಿದ್ದೀರಿ. ಒಳ್ಳೆಯದೇ. ಅವಳ ಪಾಸು ಕೆಲಸ ಮುಗಿಯುವ ದಿನಕ್ಕೇ ಮುಗಿಯುತ್ತದೆ. ಆ ದಿನ ಅವಳನ್ನು ಕೆಲಸದಿಂದ ಬಿಡುವುದು ಸಂಜೆ ಆರಕ್ಕೆ. ಕೆಳಗಿನ ಹೆದ್ದಾರಿಯ ತಮ್ಮ ಗೇಟು ಮುಚ್ಚುವುದು ನಾಲ್ಕಕ್ಕೆ. ಮರುದಿನ ಬೆಳಿಗ್ಗೆ ಗೇಟಿಗೆ ಬಂದರೆ ಅವಳು ಅವಧಿ ಮೀರಿ ಉಳಿದ ಅಪರಾಧಿ. ಪಾಸನ್ನು ಒಂದು ದಿನ ವಿಸ್ತರಿಸಬೇಕಾದರೆ ಅರ್ಜಿದಾರರು ಖುದ್ದಾಗಿ ಈಚೆ ಬದಿಯ ಕಚೇರಿಗೆ ಹಾಜರಾಗಬೇಕು. ಈಚೆ ಬದಿಗೆ ಬರಬೇಕಾದರೆ ಪಾಸು ಇರಬೇಕು. ಇದನ್ನು ಬರೆದ ಮಹಾನುಭಾವರು ಯಾರೋ ನನಗೆ ಗೊತ್ತಿಲ್ಲ, ಆದರೆ ಅವರ ಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡರೆ ತೆಗೆಯುವವರು ಯಾರೆಂದು ಒಮ್ಮೆ ಕೇಳಬೇಕೆನಿಸುತ್ತದೆ.

ಹೋದ ವರ್ಷ ಹೀಗೆ ಒಂದು ದಿನ ತಡವಾದ ಹನ್ನೊಂದು ಹೆಂಗಸರನ್ನು ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂರಿಸಿದರು. ವಿಚಾರಣೆಗೆ ಐದು ವಾರ ಹಿಡಿಯಿತು. ಅವರಲ್ಲಿ ಒಬ್ಬಳ ಬಲಗಾಲಿನ ಮೂರು ಬೆರಳು ಚಳಿಗೆ ಹೋದವು. ಅವಳು ನಮ್ಮ ಬೀದಿಯವಳೇ, ಈಗ ಗೋಡೆ ಹಿಡಿದು ನಡೆಯುತ್ತಾಳೆ. ಮಗಳು ಅದನ್ನು ಕಂಡಿದ್ದಾಳೆ.

ಒಂದು ತಿಂಗಳ ಹಿಂದೆ, ದೂರವಾಣಿ ಇನ್ನೂ ಸಿಗುತ್ತಿದ್ದಾಗ, ಅವಳು ಹೇಳಿದ್ದು ಇಷ್ಟೇ. "ಅಮ್ಮ, ಆ ಶೆಡ್ಡಲ್ಲಿ ಕೂರೋಕಿಂತ ಬೆಟ್ಟ ಹತ್ತೋದೇ ವಾಸಿ. ಕೆಲಸ ಬಿಟ್ಟ ಮಾರನೇ ದಿನ ಬೆಳಿಗ್ಗೆ ಹೊರಡ್ತೀನಿ. ನೀನೇನೂ ಹೆದರಬೇಡ, ನಿನ್ನ ಗೂಟ ಹಿಡ್ಕೊಂಡು ಬಂದ್ಬಿಡ್ತೀನಿ."

ನಾನು "ಮಗಾ, ಗೂಟ..." ಎಂದೆ. ಅಷ್ಟರಲ್ಲಿ ಲೈನು ಕಡಿದುಹೋಯಿತು. ಸುರಕ್ಷತೆಯ ದೃಷ್ಟಿಯಿಂದ ಗಡಿಯ ಸುತ್ತಲಿನ ಟವರುಗಳನ್ನೆಲ್ಲ ತಾವು ಬಂದ್ ಮಾಡಿಸಿದ್ದೀರೆಂದು ಮರುದಿನ ತಿಳಿಯಿತು. ಸುರಕ್ಷತೆ ಯಾರದು ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ಅಂಚೆಗೆ ಹಾಕಿದ ಪತ್ರ ಗೇಟಿನಲ್ಲಿ ತಪಾಸಣೆಗೆ ನಲವತ್ತು ದಿನ ಕಾಯುತ್ತದೆಯಂತೆ. ಲಾರಿಯವರ ಕೈಲಿ ಹೇಳಿ ಕಳಿಸೋಣವೆಂದರೆ ಅವರೂ ಆಚೆ ಇಳಿಯುವಂತಿಲ್ಲ, ಪೆಟ್ಟಿಗೆಗಳನ್ನು ಮಾತ್ರ ಈ ಲಾರಿಯಿಂದ ಆ ಲಾರಿಗೆ ದಾಟಿಸುತ್ತಾರೆ. ಆಲೂಗಡ್ಡೆ ದಿನಕ್ಕೆ ಹತ್ತು ಸಲ ಗಡಿ ದಾಟುತ್ತದೆ. ಅದಕ್ಕೆ ಭಾವಚಿತ್ರ ಬೇಡ, ಬೆರಳಚ್ಚು ಬೇಡ, ಎರಡು ಜನ ಜಾಮೀನುದಾರರೂ ಬೇಡ. ನನ್ನ ಹೊಟ್ಟೆಯಲ್ಲಿ ಹುಟ್ಟುವ ಬದಲು ಅವಳು ಹೊಲದಲ್ಲಿ ಹುಟ್ಟಿದ್ದರೆ ಈ ಹೊತ್ತಿಗೆ ಮನೆಗೆ ಬಂದಿರುತ್ತಿದ್ದಳು.

ಆದರೂ ಹತ್ತು ದಿನದ ಹಿಂದಿನವರೆಗೆ ನನಗೆ ಒಂದು ಧೈರ್ಯ ಇತ್ತು. ಮಗಳು ಜಾಣೆ. ಬಾಗಿಲಿಗೆ ಬಂದು ನೋಡಿದಾಗ ಗೂಟದ ಸಾಲು ಬಲಕ್ಕೆ ಹೋಗಿದ್ದು ಕಂಡರೆ ಅನುಮಾನ ಪಡುತ್ತಾಳೆ, ಇದು ಅಮ್ಮನ ಕೆಲಸವಲ್ಲ, ಯಾರೋ ಸರ್ಕಾರದವರು ನೆಟ್ಟದ್ದು ಎಂದುಕೊಳ್ಳುತ್ತಾಳೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಧೈರ್ಯವನ್ನು ಹೇಸರಗತ್ತೆ ತಾತ ಮುರಿದ.

ಹೇಸರಗತ್ತೆ ತಾತ ಎಂದರೆ ನಲವತ್ತು ವರ್ಷದಿಂದ ಈ ಬೆಟ್ಟದಲ್ಲಿ ಹೇಸರಗತ್ತೆಯ ಮೇಲೆ ಉಣ್ಣೆ ಹೊರೆ ಸಾಗಿಸುವವನು. ಅವನ ಬಳಿ ತಮ್ಮದೇ ಸಹಿಯಿರುವ ಪಾಸು ಇತ್ತು, ಅವಧಿಯೂ ಇತ್ತು. ಈ ಸಲ ಮೊದಲ ಹಿಮ ಬೇಗ ಬಿತ್ತು. ಆಚೆಯಿಂದ ಬರುತ್ತಿದ್ದ ಅವನಿಗೆ ಬಾಗಿಲಿನಲ್ಲೇ ಮಂಜು ಮುಸುಕಿತು. ಗೂಟ ಹಿಡಿದು ನಡೆದ. ಹನ್ನೊಂದನೇ ಗೂಟದ ಆಚೆ ಹೇಸರಗತ್ತೆ ಮುಂದಡಿ ಇಡಲು ಒಪ್ಪಲಿಲ್ಲವಂತೆ. ಇವನು ಬೈದು ಎಳೆದ. ಅದು ಎರಡು ಹೆಜ್ಜೆ ಇಟ್ಟಿತು, ನೆಲ ಕುಸಿಯಿತು. ಹಗ್ಗ ಕೈಬಿಟ್ಟಿದ್ದರಿಂದ ಇವನು ಅಂಚಿನಲ್ಲಿ ಉಳಿದ, ಕಾಲು ಮುರಿಯಿತು. ತಮ್ಮ ಕಾವಲಿನವರೇ ಹೊತ್ತು ತಂದರು. ಅದಕ್ಕೆ ನಾನು ಋಣಿ, ವ್ಯಂಗ್ಯವಲ್ಲ. ತಂದ ಮೇಲೆ ಗಡಿರೇಖೆಯ ಮೇಲೆ ಅನುಮತಿಯಿಲ್ಲದೆ ನಾನೂರು ಹೆಜ್ಜೆ ಸಂಚರಿಸಿದ ಎಂದು ಅವನ ಮೇಲೆ ಮೊಕದ್ದಮೆ ಹಾಕಿದರು. ಎಡಗಾಲು ಒಂದು ದೇಶದಲ್ಲಿ, ಬಲಗಾಲು ಇನ್ನೊಂದು ದೇಶದಲ್ಲಿ ಇತ್ತಂತೆ. ಮುರಿದದ್ದು ಯಾವ ದೇಶದ ಕಾಲು ಎಂದು ದೂರಿನಲ್ಲಿ ನಮೂದಾಗಿಲ್ಲ.

ಆಸ್ಪತ್ರೆಗೆ ಅವನನ್ನು ನೋಡಲು ಹೋದೆ. ಎಂಟು ಮಂಚದ ಕೋಣೆ, ಕಿಟಕಿಯ ಪಕ್ಕದ್ದು ಅವನದು. ಕಾಲಿಗೆ ಕಲ್ಲು ಕಟ್ಟಿ ತೂಗುಹಾಕಿದ್ದರು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದ. ಸ್ಟೂಲು ಎಳೆದುಕೊಂಡು ಕೂತೆ.

"ಯಾಕೆ ತಾತಾ, ನನ್ನ ಮೇಲೆ ಸಿಟ್ಟಾ?"

"ಸಿಟ್ಟೇನಿಲ್ಲ ಕಣವ್ವಾ. ಒಂದು ಮಾತು ಕೇಳ್ತೀನಿ, ನಿಜ ಹೇಳು. ಯಾಕವ್ವಾ ಹಿಂಗ್ ಮಾಡ್ದೆ?"

"ಅದು ದಾರಿ ಗೂಟ ಅಲ್ಲ ತಾತಾ. ಗಡಿಗೆ ಅಂತ ನೆಡಿಸಿದ್ರು. ಸಾಲು ಬಲಕ್ಕೆ ಹೋಗಿದ್ದು ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಅನುಮಾನಾನೂ ಬಂತು. ನಿಂತ್ಕೊಂಡೆ. ಆಮೇಲೆ ಗಂಟು ಮುಟ್ಟಿ ನೋಡ್ದೆ." ಅವನು ನನ್ನ ಕೈಯನ್ನೇ ನೋಡುತ್ತಿದ್ದ. "ನಿಂದೇ ಗಂಟು. ಮುಂದಕ್ಕೆ ಮುಖ ಮಾಡಿತ್ತು. ಕರಿಬಂಡೆ ಕಡೆ ಏನೋ ಜರಿದಿರಬೇಕು, ಅದಕ್ಕೇ ಅಕ್ಕ ದಾರಿ ಬದಲಾಯಿಸಿದ್ದಾಳೆ ಅಂದ್ಕೊಂಡೆ. ಕತ್ತೆ ಬೇಡ ಅಂತು ಕಣವ್ವಾ. ನಾನು ಕತ್ತೆ ಮಾತು ಕೇಳ್ಲಿಲ್ಲ, ನಿನ್ನ ಗಂಟಿನ ಮಾತು ಕೇಳ್ದೆ."

ಮಾನ್ಯರೇ, ಅವನು ಹೇಳಿದ್ದು ನಿಜ. ಇಪ್ಪತ್ತೊಂಬತ್ತು ವರ್ಷದಿಂದ ನಾನು ಬಾಗಿಲಿನಿಂದ ಶುರು ಮಾಡಿ, ಗೂಟ ನೆಟ್ಟು, ಮುಂದಿನ ಗೂಟದ ಕಡೆ ಮುಖ ಮಾಡಿ ಗಂಟು ಬಿಗಿದು, ಮುಂದಕ್ಕೆ ನಡೆದವಳು. ನೆತ್ತಿಯ ಮೇಲೆ ಗೂಟ ನೆಟ್ಟ ಮೂರು ದಿನವೂ ತಮ್ಮ ಅಧಿಕಾರಿಯನ್ನು ಮನಸ್ಸಿನಲ್ಲೇ ಬೈಯುತ್ತ ಕೆಲಸ ಮಾಡಿದೆ. ಬಾಯಿ ಬೈಗುಳದಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಕಲಿತದ್ದನ್ನು ಮಾಡುತ್ತ ಹೋಯಿತು. ಎದೆಮಟ್ಟದ ಬಟ್ಟೆ ಕಟ್ಟಿ ಎಂದು ಯಾರೂ ಹೇಳಿರಲಿಲ್ಲ. ಗಡಿಗೆ ಅದು ಬೇಕಿರಲೂ ಇಲ್ಲ. ನಾನೇ ಕಟ್ಟಿದ್ದೇನೆ. ಎಪ್ಪತ್ತನಾಲ್ಕಕ್ಕೂ ಕಟ್ಟಿದ್ದೇನೆ. ಹನ್ನೊಂದನೆಯದಕ್ಕೂ, ಆ ಕಚ್ಚಿದ ಅಂಚಿನ ಕಡೆಗೆ ಮುಖ ಮಾಡಿ, ಜೋಡಿ ಸುತ್ತು ಹಾಕಿ, ಬಾಲ ಒಳಕ್ಕೆ ಸಿಕ್ಕಿಸಿ, ಬಿಗಿಯಾಗಿ ಕಟ್ಟಿದ್ದೇನೆ. ಬಾ, ಇತ್ತ ಬಾ ಎಂದು.

ಅವತ್ತಿನಿಂದ ಪಾತ್ರೆ ತೊಳೆಯುವಾಗ, ಬೀದಿಯಲ್ಲಿ ನಡೆಯುವಾಗ, ಎಲ್ಲೆಂದರಲ್ಲಿ ಅವಳ ಕೈಗವಸು ಆ ಗಂಟನ್ನು ತಡವುವುದು ಕಾಣುತ್ತದೆ. ಅವಳಿಗೆ ಅನುಮಾನ ಬರುತ್ತದೆ. ಅವಳೂ ತಾತನ ಹಾಗೆ ನಿಲ್ಲುತ್ತಾಳೆ. ಆಮೇಲೆ ಮುಟ್ಟಿ ನೋಡುತ್ತಾಳೆ. 'ಅಮ್ಮನದೇ' ಎಂದುಕೊಂಡು ಸಮಾಧಾನದಿಂದ ಹೆಜ್ಜೆ ಎಣಿಸಲು ಶುರು ಮಾಡುತ್ತಾಳೆ. ನಿಲ್ಲಿಸಲು ಅವಳ ಜೊತೆಗೆ ಕತ್ತೆಯೂ ಇರುವುದಿಲ್ಲ.

ಮರುದಿನವೇ ತಮ್ಮ ಕಚೇರಿಗೆ ಬಂದೆ. ಬೆಂಚಿನ ಮೇಲೆ ನನ್ನಂತಹವರು ಹದಿನಾಲ್ಕು ಜನ ಇದ್ದರು. ಬೆಚ್ಚಗಿನ ಹೀಟರು ಕೌಂಟರಿನ ಒಳಗೆ, ತೆರೆದ ಬಾಗಿಲು ನಮ್ಮ ಬೆನ್ನಿಗೆ. ಗೋಡೆಯ ಮೇಲೆ ದೊಡ್ಡ ನಕ್ಷೆ, ಅದರಲ್ಲಿ ನನ್ನ ಗೂಟಗಳು ಕೆಂಪು ಗುಂಡುಸೂಜಿಗಳಾಗಿ ಸಾಲಾಗಿ ನಿಂತಿದ್ದವು. ಎಷ್ಟು ಅಚ್ಚುಕಟ್ಟು! ಅಂಚು ಎಲ್ಲೂ ಕಚ್ಚಿಕೊಂಡಿರಲಿಲ್ಲ. ಮೂರು ಗಂಟೆ ಕಾದ ಮೇಲೆ ಗುಮಾಸ್ತರು ನನ್ನ ಅರ್ಜಿ ಓದಿದರು. ಕೆಟ್ಟವರಲ್ಲ, ಪಾಪ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಗೂಟ ತೆಗಿಸ್ಬೇಕು ಅಂದ್ರೆ ನಮೂನೆ ಒಂಬತ್ತರಲ್ಲಿ ಬರೀಬೇಕಮ್ಮ. ಗೂಟದ ಮಾಲೀಕರು ಯಾರು?"

"ಇಲಾಖೆ."

"ಹಾಗಾದ್ರೆ ಇಲಾಖೆನೇ ಇಲಾಖೆಗೆ ಅರ್ಜಿ ಹಾಕ್ಬೇಕು. ನೀವು ಹಾಕೋ ಹಾಗಿಲ್ಲ."

"ತೆಗೀಬೇಡಿ ಸಾರ್. ಬಟ್ಟೆ ಬಿಚ್ಚೋಕಾದ್ರೂ ಬಿಡಿ. ನಾನೇ ಹತ್ತಿ ಬಿಚ್ಚಿ ಬರ್ತೀನಿ, ಒಂದೇ ದಿನದ ಕೆಲಸ."

ಅವರು ದನಿ ತಗ್ಗಿಸಿದರು. "ಅಮ್ಮ, ಆ ಮಾತು ಇಲ್ಲಿ ಜೋರಾಗಿ ಆಡಬೇಡಿ. ಗಡಿ ಗುರುತು ಮುಟ್ಟಿದ್ರೆ ಏಳು ವರ್ಷ. ಈಗ ಮೇಲಕ್ಕೆ ಯಾರನ್ನೂ ಬಿಡ್ತಾನೂ ಇಲ್ಲ. ನಿಮ್ಮ ಮಗಳು ಆ ದಾರೀಲಿ ಬರ್ತಾಳೆ ಅಂತ ಬೇರೆ ಬರ್ದಿದ್ದೀರಿ. ಅದೂ ಒಂದು ಕೇಸು."

"ಹಾಗಾದ್ರೆ ಏನು ಮಾಡ್ಲಿ, ನೀವೇ ಹೇಳಿ."

"ಮಗಳಿಗೆ ಗೇಟಿಗೆ ಬರೋಕೆ ಹೇಳಿ."

"ಹೆಂಗೆ ಹೇಳ್ಲಿ?"

ಅವರು ಅರ್ಜಿಗೆ ಮೊಹರು ಒತ್ತಿದರು. 'ಸ್ವೀಕರಿಸಲಾಗಿದೆ.' ನನ್ನ ಮೂರೂ ಅರ್ಜಿಗಳ ನಕಲಿನ ಮೇಲೂ ಆ ಮೊಹರು ಇದೆ, ಮೂರು ನಕಲನ್ನೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಗಡಿಯೇ ಬೇಡ ಎನ್ನುವಷ್ಟು ದೊಡ್ಡ ಮಾತು ನನ್ನದಲ್ಲ. ಮನೆಗೆ ಬಾಗಿಲು ಇರಬೇಕು, ದೇಶಕ್ಕೂ ಇರಲಿ. ಯಾರು ಬಂದರು, ಯಾರು ಹೋದರು ಎಂದು ಬರೆದಿಟ್ಟುಕೊಳ್ಳಿ. ತಪ್ಪು ಮಾಡಿದವರನ್ನು ಹಿಡಿಯಿರಿ, ತಂಗುಮನೆಯಲ್ಲಿ ಒಬ್ಬರನ್ನು ಕೂರಿಸಿ, ಇಳಿದು ಬಂದವರ ಕೈಗೆ ಬೇಡಿ ಹಾಕಿ. ಬೇಡಿ ಹಾಕುವುದಕ್ಕಾದರೂ ಕೈ ಇರಬೇಕಲ್ಲ, ಕೈಯ ಹಿಂದೆ ಜೀವಂತ ಮನುಷ್ಯ ಇರಬೇಕಲ್ಲ? ಅಕ್ರಮವಾಗಿ ದಾಟುವವರಿಗೆ ದಾರಿ ತೋರಬಾರದು ಎಂಬುದು ತಮ್ಮ ವಾದ. ಸರಿ, ತೋರಬೇಡಿ. ಆದರೆ ದಾರಿ ತೋರದೆ ಇರುವುದು ಬೇರೆ, ಪ್ರಪಾತಕ್ಕೆ ದಾರಿ ತೋರುವುದು ಬೇರೆ ಅಲ್ಲವೇ? ತಾತನ ಬಳಿ ಪಾಸು ಇತ್ತು. ಗೂಟ ಅದನ್ನು ಓದಿತೇ? ನಾಳೆ ತಮ್ಮ ಕಾವಲಿನವರೇ ಮಂಜಿನಲ್ಲಿ ಸಿಕ್ಕಿಬಿದ್ದರೆ ಅವರ ಸಮವಸ್ತ್ರ ನೋಡಿ ಹಿಮ ಗಟ್ಟಿಯಾಗಿ ನಿಲ್ಲುತ್ತದೆಯೇ? ಅವರಲ್ಲಿ ಇಬ್ಬರು ನನ್ನ ತಂಗುಮನೆಯಲ್ಲಿ ನನ್ನ ಕೈಯ ಚಹಾ ಕುಡಿದು, ಗಂಟು ಮುಟ್ಟಿ ನಡೆಯುವುದನ್ನು ನನ್ನಿಂದಲೇ ಕಲಿತವರು. ಅವರಿಗಾಗಿಯೂ ನನಗೆ ಭಯವಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎನ್ನುತ್ತಾರೆ. ಇಲ್ಲಿ ಬೇಲಿಯು ಹೊಲವನ್ನೂ ಮೇಯುತ್ತಿದೆ, ಕಾಯುವವನನ್ನೂ ಮೇಯುತ್ತಿದೆ.

ನನ್ನ ಬೇಡಿಕೆ ಚಿಕ್ಕದು. ಗೂಟ ಅಲ್ಲೇ ಇರಲಿ. ಗಡಿಯೂ ಅಲ್ಲೇ ಇರಲಿ. ಬಾಗಿಲಿನಿಂದ ಮೊದಲ ಹನ್ನೆರಡು ಗೂಟಗಳ ಬಟ್ಟೆ ಬಿಚ್ಚಿಸಿ, ಹನ್ನೊಂದನೆಯದಕ್ಕೆ ಅಡ್ಡಪಟ್ಟಿ ಹೊಡೆಸಿ. ಕರಿಬಂಡೆಯ ಕಡೆಗೆ ನಾಲ್ಕೇ ನಾಲ್ಕು ಗೂಟ ನೆಡಲು ಲಿಖಿತ ಅನುಮತಿ ಕೊಡಿ. ಗೂಟ ನಾನೇ ತರುತ್ತೇನೆ, ಕೂಲಿಯೂ ಬೇಡ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗಬಾರದು. ಆದೇಶ ಈ ಪತ್ರ ಅಚ್ಚಾದ ನಾಲ್ಕು ದಿನದೊಳಗೆ ನನ್ನ ಕೈ ಸೇರಬೇಕು.

ಸೇರದಿದ್ದರೆ ಐದನೇ ದಿನ ಬೆಳಿಗ್ಗೆ ನಾನು ಒಂದು ಚಾಕು ತೆಗೆದುಕೊಂಡು ಮೇಲಕ್ಕೆ ಹೋಗುತ್ತೇನೆ. ಇದನ್ನು ಮುಂಚಿತವಾಗಿ, ಬಹಿರಂಗವಾಗಿ, ಪೂರ್ಣ ಪ್ರಜ್ಞೆಯಿಂದ ಒಪ್ಪಿಕೊಳ್ಳುತ್ತಿದ್ದೇನೆ, ತನಿಖೆಯ ಶ್ರಮ ತಮಗೆ ಉಳಿಯಲಿ. ಧೈರ್ಯದಿಂದ ಬರೆಯುತ್ತಿದ್ದೇನೆಂದು ಯಾರೂ ತಿಳಿಯಬೇಡಿ. ಏಳು ವರ್ಷದ ಜೈಲೆಂದರೆ ಸಣ್ಣದಲ್ಲ. ನನ್ನ ಮಂಡಿ ಈಗ ಮೊದಲಿನಂತಿಲ್ಲ, ಹಿಮ ಈಗಾಗಲೇ ಸೊಂಟದವರೆಗೆ ಇದೆ, ಮೇಲೆ ಹೋದವಳು ಕೆಳಗೆ ಬರುವ ಖಾತ್ರಿಯೂ ಇಲ್ಲ. ತಮ್ಮ ಕಾವಲಿನವರು ದಾರಿಯಲ್ಲೇ ಹಿಡಿದರೆ ಅದೂ ಮುಗಿಯಿತು. ಎಲ್ಲದಕ್ಕೂ ಹೆದರುತ್ತಿದ್ದೇನೆ. ಆದರೆ ಅವಳು ಆ ಗಂಟನ್ನು ಮುಟ್ಟುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರುತ್ತೇನೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಈ ಪತ್ರವನ್ನು ಪತ್ರಿಕೆಯಲ್ಲಿ ಬರೆದದ್ದು ತಾವು ಓದಲಿ ಎಂದು ಮಾತ್ರ ಅಲ್ಲ. ಗಡಿ ದಾಟುವ ಸರಕುಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಾರೆ. ಈ ವಾರ ಒಂದು ಸರಕನ್ನು ಹಳೇ ಪೇಪರಿನ ಬದಲು ಇದೇ ಪುಟದಲ್ಲಿ ಸುತ್ತಲು ಕೆಲವರು ಒಪ್ಪಿದ್ದಾರೆ. ಯಾವ ಸರಕು ಎಂದು ಬರೆದರೆ ನಾಳೆಯೇ ಅದಕ್ಕೂ ಪಾಸು ಬೇಕಾದೀತು, ಆದ್ದರಿಂದ ಬರೆಯುವುದಿಲ್ಲ. ಆ ಪೆಟ್ಟಿಗೆಗಳಲ್ಲಿ ಒಂದಷ್ಟು ಮಗಳು ದುಡಿಯುವ ಜಾಗಕ್ಕೂ ಹೋಗುತ್ತವೆ. ಪೇಪರು ಬಿಚ್ಚಿ ಎಸೆಯುವ ಮುಂಚೆ ಯಾರಾದರೂ ಒಮ್ಮೆ ಕಣ್ಣಾಡಿಸಿಯಾರು. ಅಷ್ಟರ ಮೇಲೆ ನನ್ನ ಬದುಕು ನಿಂತಿದೆ. ಆದ್ದರಿಂದ ಮಾನ್ಯರು ಕ್ಷಮಿಸಬೇಕು, ಮುಂದಿನ ನಾಲ್ಕು ಸಾಲು ತಮಗಲ್ಲ.

ಮಗಾ, ಗೇಟಿಗೇ ಬಾ. ಶೆಡ್ಡಲ್ಲಿ ಕೂರಿಸಿದರೆ ಕೂತುಕೋ, ನಾನು ದಿನಾ ಬಂದು ತಗಡಿನ ಆಚೆ ನಿಲ್ಲುತ್ತೇನೆ. ಬೆಟ್ಟ ಹತ್ತಿಬಿಟ್ಟಿದ್ದರೆ, ಬಾಗಿಲಿನಲ್ಲಿ ನಿಂತು ಎಡಕ್ಕೆ ತಿರುಗು, ಕರಿಬಂಡೆ ಬಲಗೈಗೆ ಸಿಗುವವರೆಗೆ ಕೋಲು ಚುಚ್ಚಿಕೊಂಡು ಇಳಿ. ಅಲ್ಲಿ ಗೂಟ ಇರುವುದಿಲ್ಲ, ಹೆದರಬೇಡ. ಬಲಕ್ಕೆ ಗೂಟದ ಸಾಲು ಕಾಣುತ್ತದೆ, ನನ್ನದೇ ಗಂಟು ಕೈಗೆ ಸಿಗುತ್ತದೆ. ಅದನ್ನು ನಿನ್ನಮ್ಮನೇ ಕಟ್ಟಿದ್ದು, ಆದರೂ ನಂಬಬೇಡ.

ಇಂತಿ,
ತನ್ನ ಕೈಯ ಗಂಟಿಗೆ ತಾನೇ ಹೆದರಿ ಕೂತಿರುವ,
ಐದನೇ ದಿನ ತಮ್ಮ ಕೈಗೆ ಸಿಗಲಿರುವ,
ಗೂಟದಕ್ಕ